ಬಿಲ್ಲಿಗೆ ಸವಾಲೊಡ್ಡುವ ಹಕ್ಕಿ: ಕಾಡು ಟರ್ಕಿ

ಬಿಲ್ಲು-ಬಾಣ ಎಂದೊಡನೆ ನಮಗೆ ನೆನಪಾಗುವುದು ಅರ್ಜುನ ಮತ್ತು ಮರದ ಮೇಲಿನ ಹಕ್ಕಿಯ ಕಣ್ಣು. ಆದರೆ ಆ ಹಕ್ಕಿ ಒಂದು ಗೊಂಬೆ. ಅರ್ಜುನ ಅದನ್ನು ನೋಡುತ್ತಿದ್ದನೇ ಹೊರತು ಅದು ಅರ್ಜುನನನ್ನು ನೋಡುತ್ತಿರಲಿಲ್ಲ. ಹಕ್ಕಿಯೂ ತಿರುಗಿ ನೋಡುವಂತಿದ್ದರೆ? ಉತ್ತರ ಅಮೆರಿಕದಲ್ಲಿ ಬಿಲ್ಲು ಹಿಡಿದು ಕಾಡು ಟರ್ಕಿ ಕೋಳಿಯ ಬೇಟೆಗೆ ಹೊರಡುವವರು ಎದುರಿಸುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಹುಡುಕಲು ಭೌತವಿಜ್ಞಾನವೂ ಬೇಕು, ಜೀವವಿಜ್ಞಾನವೂ ಬೇಕು.

ನವಿಲಿನ ಬಂಧು

ಕಾಡು ಟರ್ಕಿಯ ವೈಜ್ಞಾನಿಕ ಹೆಸರು ಮೆಲಿಯಾಗ್ರಿಸ್ ಗ್ಯಾಲೊಪೇವೊ. ನಮ್ಮ ನವಿಲು ಮತ್ತು ಕಾಡುಕೋಳಿಗಳು ಸೇರಿರುವ ಫೇಸಿಯಾನಿಡೇ ಕುಟುಂಬಕ್ಕೇ ಇದೂ ಸೇರಿದೆ. ಬೆಳೆದ ಗಂಡು ಸುಮಾರು 7ರಿಂದ 11 ಕಿ.ಗ್ರಾಂ. ತೂಗುತ್ತದೆ. ಹಗಲು ನೆಲದ ಮೇಲೆ ಮೇಯುತ್ತದೆ. ರಾತ್ರಿ ಮರವೇರಿ ಮಲಗುತ್ತದೆ. ವಸಂತದಲ್ಲಿ ಗಂಡು ಪುಕ್ಕಗಳನ್ನು ಕೆದರಿ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಗಟ್ಟಿಯಾಗಿ ಕೂಗುತ್ತಾ ಹೆಣ್ಣುಗಳನ್ನು ಸೆಳೆಯುತ್ತದೆ. ನವಿಲಿನ ನರ್ತನವನ್ನು ಕಂಡವರಿಗೆ ಇದು ಹೊಸದೆನಿಸದು.

ಈ ಹಕ್ಕಿಯ ಮುಖ್ಯ ರಕ್ಷಣೆ ಅದರ ಕಣ್ಣು. ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದರ ನೋಟದ ವ್ಯಾಪ್ತಿ ನಮ್ಮದಕ್ಕಿಂತ ಬಹಳ ಹೆಚ್ಚು. ಕತ್ತನ್ನು ತುಸು ಹೊರಳಿಸಿದರೆ ಸಾಕು, ಸುತ್ತಲಿನದೆಲ್ಲ ಕಾಣುತ್ತದೆ. ಬಣ್ಣವನ್ನು ಗುರುತಿಸಲು ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದರೆ ಟರ್ಕಿಗೆ ನಾಲ್ಕು ಬಗೆಯವು ಇವೆ. ಹಗಲಿನಲ್ಲಿ ಚಿಕ್ಕ ಚಲನೆಯನ್ನೂ ಅದು ಥಟ್ಟನೆ ಗುರುತಿಸುತ್ತದೆ.

ಹೆದೆ ಸೆಳೆಯುವ ಕಷ್ಟ

ಬಂದೂಕು ಹಿಡಿದವನು ಅದನ್ನು ಮೊದಲೇ ಗುರಿಯಿಟ್ಟು ಅಲುಗದೆ ಕೂರಬಹುದು. ಬಿಲ್ಲುಗಾರನಿಗೆ ಆ ಸೌಲಭ್ಯವಿಲ್ಲ. ಹಕ್ಕಿ ಹತ್ತಿರ ಬಂದ ಮೇಲೆಯೇ ಅವನು ಹೆದೆಯನ್ನು ಸೆಳೆಯಬೇಕು. ಇಡೀ ಬೇಟೆಯಲ್ಲಿ ಅತಿ ದೊಡ್ಡ ಚಲನೆ ಅದೇ, ಅದೂ ಅತ್ಯಂತ ಸೂಕ್ಷ್ಮ ಗಳಿಗೆಯಲ್ಲಿ.

ಇದಕ್ಕೆ ಒಂದು ಪರಿಹಾರ ನೀಡಿದ್ದು ಸಂಯುಕ್ತ ಬಿಲ್ಲು. ಅಮೆರಿಕದ ಮಿಸೌರಿಯ ಹಾಲಿಸ್ ವಿಲ್ಬರ್ ಅಲೆನ್ ಎಂಬಾತ ಇದನ್ನು ರೂಪಿಸಿ 1969ರಲ್ಲಿ ಪೇಟೆಂಟ್ ಪಡೆದ. ಸಾಮಾನ್ಯ ಬಿಲ್ಲಿನಲ್ಲಿ ಸೆಳೆದಷ್ಟೂ ಬಲ ಹೆಚ್ಚು ಬೇಕು. ಸಂಯುಕ್ತ ಬಿಲ್ಲಿನ ತುದಿಗಳಲ್ಲಿ ಕೇಂದ್ರ ತಪ್ಪಿಸಿ ಕೂರಿಸಿದ ರಾಟೆಗಳಿವೆ. ಸೆಳೆತ ಪೂರ್ಣವಾಗುತ್ತಿದ್ದಂತೆ ರಾಟೆಯ ಸನ್ನೆ ಅನುಕೂಲಕರವಾಗಿ ತಿರುಗುತ್ತದೆ. ಆರಂಭದಲ್ಲಿ 27 ಕಿ.ಗ್ರಾಂ. ಎತ್ತುವಷ್ಟು ಬಲ ಬೇಡುವ ಬಿಲ್ಲನ್ನು ಕೊನೆಯಲ್ಲಿ ಐದಾರು ಕಿ.ಗ್ರಾಂ.ನಷ್ಟು ಬಲದಿಂದ ಹಿಡಿದಿರಬಹುದು. ಬಿಲ್ಲಿನಲ್ಲಿ ಸಂಗ್ರಹವಾದ ಪ್ರಚ್ಛನ್ನ ಶಕ್ತಿ ಮಾತ್ರ ಹಾಗೆಯೇ ಇರುತ್ತದೆ. ಹೀಗಾಗಿ ಹಕ್ಕಿ ಬೇರೆಡೆ ನೋಡುವಾಗ ಹೆದೆ ಸೆಳೆದು ಕಾಯಲು ಸಾಧ್ಯ.

ಇನ್ನೊಂದು ಪರಿಹಾರ ಚಿಕ್ಕ ಕಿಂಡಿಗಳಿರುವ ಬಟ್ಟೆಯ ಮರೆಗುಡಾರ. ಹಗಲಿನಲ್ಲಿ ಬೀದಿಯಿಂದ ಮನೆಯೊಂದರ ಕಿಟಕಿಯನ್ನು ನೋಡಿ. ಒಳಗಿನವರು ಕಾಣುವುದಿಲ್ಲ; ಅವರಿಗೆ ನೀವು ಚೆನ್ನಾಗಿ ಕಾಣುತ್ತೀರಿ. ಒಳಗಿನಿಂದ ಹೊರಬರುವ ಬೆಳಕು ಅತ್ಯಲ್ಪವಾಗಿರುವುದೇ ಇದಕ್ಕೆ ಕಾರಣ. ಗುಡಾರದೊಳಗೆ ಕಪ್ಪು ಬಟ್ಟೆ ತೊಟ್ಟು ಕುಳಿತವನ ತಂತ್ರವೂ ಇದೇ.

ಬಳಪದ ಹಲಗೆಯ ಕೂಗು

ಹಕ್ಕಿಯನ್ನು ಹತ್ತಿರ ಕರೆಯಲು ಬೇಟೆಗಾರ ಹೆಣ್ಣಿನ ಧ್ವನಿಯನ್ನು ಅನುಕರಿಸುತ್ತಾನೆ. ಇದಕ್ಕೆ ಬಳಸುವ ಒಂದು ಸಾಧನ, ನಾವು ಶಾಲೆಯಲ್ಲಿ ಬರೆಯುತ್ತಿದ್ದ ಸ್ಲೇಟಿನ ಕಲ್ಲಿನದೇ ಬಿಲ್ಲೆ. ಅದರ ಮೇಲೆ ಕಡ್ಡಿಯನ್ನು ಎಳೆದಾಗ ಕಡ್ಡಿ ಘರ್ಷಣೆಯಿಂದ ಕ್ಷಣಕಾಲ ಅಂಟಿ, ಮತ್ತೆ ಜಾರುತ್ತದೆ. ಈ ಅಂಟು-ಜಾರು ಬಹಳ ವೇಗವಾಗಿ ಮರುಕಳಿಸಿ ಸ್ವರವಾಗುತ್ತದೆ. ಪಿಟೀಲಿನ ಕಮಾನು ನಾದ ಹೊರಡಿಸುವುದೂ ಹೀಗೆಯೇ.

ಆದರೂ ಗಂಡು ಸುಲಭವಾಗಿ ಬರುವುದಿಲ್ಲ. ನಿಸರ್ಗದಲ್ಲಿ ಗಂಡು ಕೂಗುತ್ತದೆ, ಹೆಣ್ಣು ಅದರತ್ತ ಹೋಗುತ್ತದೆ. ಬೇಟೆಗಾರ ಬಯಸುವುದು ಇದಕ್ಕೆ ವಿರುದ್ಧವಾದುದನ್ನು. ಎಷ್ಟೋ ಬಾರಿ ಗಂಡು ದೂರದಲ್ಲೇ ನಿಂತು ಕಾಯುತ್ತದೆ, ಹೆಣ್ಣು ಕಾಣದಿದ್ದಾಗ ಹೊರಟುಹೋಗುತ್ತದೆ.

ಒಂದು ಲೆಕ್ಕ

ಹಕ್ಕಿ 20 ಮೀಟರ್ ದೂರಕ್ಕೆ ಬಂತೆನ್ನಿ. ಬಾಣದ ತೂಕ 25 ಗ್ರಾಂ, ವೇಗ ಸೆಕೆಂಡಿಗೆ 80 ಮೀಟರ್ ಎಂದುಕೊಳ್ಳೋಣ. ಅದರ ಚಲನಶಕ್ತಿ 80 ಜೂಲ್. ಗಾಳಿಯ ತಡೆಯನ್ನು ಬಿಟ್ಟರೆ ಅದು ಗುರಿ ಮುಟ್ಟಲು 0.25 ಸೆಕೆಂಡು ಬೇಕು. ಹೆದೆಯ ಸದ್ದು ಮಾತ್ರ 0.06 ಸೆಕೆಂಡಿನಲ್ಲೇ ಹಕ್ಕಿಯನ್ನು ತಲುಪಿರುತ್ತದೆ. ಎಂದರೆ ಬೆಚ್ಚಿ ಅಲುಗಲು ಹಕ್ಕಿಗೆ ಸುಮಾರು 0.19 ಸೆಕೆಂಡು ಸಿಗುತ್ತದೆ.

ಈ ಕಾಲು ಸೆಕೆಂಡಿನಲ್ಲಿ ಗುರುತ್ವದಿಂದ ಬಾಣ ಸುಮಾರು 31 ಸೆಂ.ಮೀ. ಕೆಳಗಿಳಿಯುತ್ತದೆ. 40 ಮೀಟರಿಗೆ ಇಳಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಈ ಇಳಿತವನ್ನು ಸರಿಪಡಿಸುವಂತೆ ಗುರಿಮುಳ್ಳನ್ನು 20 ಮೀಟರಿಗೆ ಹೊಂದಿಸಿಕೊಂಡ ಬಿಲ್ಲುಗಾರ, 25 ಮೀಟರ್ ದೂರದ ಹಕ್ಕಿಯನ್ನು 20 ಮೀಟರಿನಲ್ಲಿದೆ ಎಂದು ಭಾವಿಸಿದರೆ ಬಾಣ ಸುಮಾರು 10 ಸೆಂ.ಮೀ. ಕೆಳಗೆ ಬೀಳುತ್ತದೆ. ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗವೋ ದೊಡ್ಡ ಕಿತ್ತಳೆ ಹಣ್ಣಿನಷ್ಟು ಮಾತ್ರ. ಕೆದರಿದ ಪುಕ್ಕಗಳು ಅದು ಎಲ್ಲಿದೆ ಎಂಬುದನ್ನೂ ಮರೆಮಾಚುತ್ತವೆ.

ಬಾಣ ಕೊಲ್ಲುವುದು ಕತ್ತರಿಸುವುದರಿಂದ, ರಕ್ತಸ್ರಾವದಿಂದ. ಮರ್ಮಸ್ಥಾನ ತಪ್ಪಿದರೆ ಗಾಯಗೊಂಡ ಹಕ್ಕಿ ಓಡಿ ಅಥವಾ ಹಾರಿ ಪೊದೆ ಸೇರಿ ನರಳಿ ಸಾಯಬಹುದು. ಆದ್ದರಿಂದ ಹೊಣೆಯರಿತ ಬಿಲ್ಲುಗಾರ ದೂರ ಹೆಚ್ಚೆನಿಸಿದರೆ, ಹಕ್ಕಿ ನಿಂತ ಕೋನ ಸರಿಯಿಲ್ಲದಿದ್ದರೆ ಬಾಣ ಬಿಡುವುದಿಲ್ಲ. ಇಡೀ ವಸಂತ ಕಾದು ಬರಿಗೈಯಲ್ಲಿ ಮರಳುವುದೂ ಉಂಟು.

ಪ್ರತಿಫಲ ಏನು?

ಊಟಕ್ಕೊಂದು ಹಕ್ಕಿ ಎಂಬುದು ಚಿಕ್ಕ ಉತ್ತರ. ಹಕ್ಕಿಯ ಮಲಗುವ ಮರ, ಮೇಯುವ ದಾರಿ, ಕೂಗುಗಳ ಅರ್ಥ ಇವನ್ನೆಲ್ಲ ಹತ್ತಿರದಿಂದ ಕಲಿಯುವುದು ದೊಡ್ಡ ಉತ್ತರ. ಇನ್ನೊಂದು ಉತ್ತರ ಇತಿಹಾಸದಲ್ಲಿದೆ. ಮಿತಿಯಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ 20ನೇ ಶತಮಾನದ ಆರಂಭದ ವೇಳೆಗೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ಟರ್ಕಿ ಕಣ್ಮರೆಯಾಗಿತ್ತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟಿತು. 1970ರ ದಶಕದಲ್ಲಿ ಬಿಲ್ಲು-ಬಾಣಗಳೂ ಇದಕ್ಕೆ ಸೇರಿದವು. 1950ರ ದಶಕದಿಂದ ಸಿಡಿಬಲೆಗಳಲ್ಲಿ ಕಾಡುಹಕ್ಕಿಗಳನ್ನು ಜೀವಂತ ಹಿಡಿದು, ಅವು ಇಲ್ಲವಾಗಿದ್ದ ಕಾಡುಗಳಲ್ಲಿ ಬಿಡಲಾಯಿತು. ಇಂದು ಅವುಗಳ ಸಂಖ್ಯೆ ಸುಮಾರು 60 ಲಕ್ಷ ಎಂಬ ಅಂದಾಜಿದೆ. ಆದರೆ ಕೆಲವೆಡೆ ಈಚೆಗೆ ಮತ್ತೆ ಇಳಿಕೆ ಕಂಡಿದೆ. ದಕ್ಷಿಣದ ಕೆಲವು ರಾಜ್ಯಗಳು ಬೇಟೆಯ ಋತುವನ್ನು ತಡವಾಗಿ ಆರಂಭಿಸಿ, ಮಿತಿಯನ್ನು ಬಿಗಿಗೊಳಿಸಿವೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಆದರೆ ಅಲುಗದೆ ಕೂರುವುದು, ಮರೆ ಮಾಡಿಕೊಳ್ಳುವುದು, ಕೂಗನ್ನು ಆಲಿಸುವುದು ಇವೆಲ್ಲ ಪಕ್ಷಿವೀಕ್ಷಕರಿಗೂ ಬೇಕಾದ ವಿದ್ಯೆಗಳೇ. ಊರಾಚೆಯ ಹೊಲದಲ್ಲಿ ನವಿಲೊಂದನ್ನು ಕಂಡಾಗ ನಿಮ್ಮ ವಿದ್ಯಾರ್ಥಿಗಳಿಗೆ ದೂರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿ ಬರೆದುಕೊಳ್ಳಲು ಹೇಳಿ. ಹಕ್ಕಿ ಹೋದ ಮೇಲೆ ಅಳತೆಪಟ್ಟಿ ಹಿಡಿದು ಅಳೆಯಿರಿ. ಐದು ಮೀಟರಿನ ತಪ್ಪು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದು ಆಗ ತಿಳಿಯುತ್ತದೆ.