ಚಂದ್ರಿಕೆ ನಿಲ್ಲಿಸಿದ ಬೀದಿ

ಸಂಜೆಯ ಬಿಸಿಲು ಬಲಗಡೆಯಿಂದ ಓರೆಯಾಗಿ ಬಿದ್ದಿದೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಹೊಕ್ಕರೆ ಸಿಗುವ ಬೀದಿ ಇದು. ಎದುರಿಗೆ, ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟದ ಸಾಲು. ನಾಡಹೆಂಚಿನ ಮನೆಗಳು, ಸುಣ್ಣ ಕಳಚಿದ ಗೋಡೆಗಳು, ಆ ಗೋಡೆಗಳಿಗೆ ತುಸು ವಾಲಿಸಿ ನಿಲ್ಲಿಸಿದ ಚಂದ್ರಿಕೆಗಳು.

ಚಂದ್ರಿಕೆಯೆಂದರೆ ಆಳುದ್ದದ ಬಿದಿರು ತಟ್ಟಿ. ಅದರ ಮೇಲೆ ಬಿದಿರ ಪಟ್ಟಿಯನ್ನು ನಡುವಿನಿಂದ ಸುತ್ತುತ್ತ ಸುತ್ತುತ್ತ ಅಂಚಿನ ತನಕ ತಂದಿರುತ್ತಾರೆ. ಆ ಸುರುಳಿಯ ಸಂದುಗಳಲ್ಲಿ ಈಗ ನೂರಾರು ರೇಷ್ಮೆಹುಳು. ಇಪ್ಪತ್ತೈದು ದಿನ ಹಿಪ್ಪುನೇರಳೆ ಸೊಪ್ಪು ಮೇದು, ಪೊರೆ ಬಿಡುವ ನಾಲ್ಕು ಜ್ವರ ಕಳೆದು, ಹಣ್ಣಾಗಿ ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿವೆ. ತಲೆಯನ್ನು ಅತ್ತ ಇತ್ತ ಎಂಟರ ಅಂಕಿಯಂತೆ ಆಡಿಸುತ್ತ ಎಳೆ ಬಿಡುತ್ತಿವೆ. ಮೊದಲೇ ಹತ್ತಿದವು ಮಂಜಿನಂಥ ಪರದೆಯೊಳಗೆ ಮಸುಕಾಗಿವೆ. ಓರೆ ಬಿಸಿಲಿಗೆ ಒಂದೊಂದು ಗೂಡೂ ಒಳಗೆ ದೀಪವಿಟ್ಟಂತೆ ಕಾಣುತ್ತದೆ. ಈ ಹಳದಿಯನ್ನು ಯಾವ ಬಣ್ಣದ ಪೆಟ್ಟಿಗೆಯಲ್ಲೂ ನಾನು ಕಂಡಿಲ್ಲ.

ಯಳಂದೂರಿನ ಬಳೆ ಮಂಟಪದಲ್ಲಿ ಶಿಲ್ಪಿ ಕಲ್ಲನ್ನೇ ಬಳೆ ಬಳೆಯಾಗಿ ಕಡೆದು ಸರಪಳಿ ಮಾಡಿ ಇಳಿಬಿಟ್ಟಿದ್ದಾನೆ. ಅದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಮೇದರ ಕೈಯ ಈ ಬಿದಿರು ಬಳೆಗಳನ್ನು ನಿಂತು ನೋಡುವವರಿಲ್ಲ.

ಈ ನೋಟದ ನಡುವೆ ಒಬ್ಬ ಅಜ್ಜಿ. ಕುಕ್ಕುರುಗಾಲಲ್ಲಿ ಕೂತು, ಮಡಿಲ ಮೊರದಿಂದ ಹಣ್ಣುಹುಳು ಆಯ್ದು ಚಂದ್ರಿಕೆಗೆ ಬಿಡುತ್ತಿದ್ದಾಳೆ. ಬೆರಳು ನೋಡಿ: ಸೊಪ್ಪಿನ ಕಲೆಗೆ ಕಪ್ಪಾದ, ಗಂಟು ಕಟ್ಟಿದ ಬೆರಳು, ಹುಳುವನ್ನು ಮುಟ್ಟುವಾಗ ಮಾತ್ರ ಹೂವಿನಷ್ಟು ಹಗುರ. ಪೋಲೆಂಡಿನ ಅಲೆಕ್ಸಾಂಡರ್ ಗೆರಿಮ್‌ಸ್ಕಿ 1880ರ ಸುಮಾರಿಗೆ ಕಿತ್ತಳೆ ಮಾರುವ ಬಡ ಮುದುಕಿಯೊಬ್ಬಳನ್ನು, ತೋಳಿನ ಬುಟ್ಟಿಗಳ ಸಮೇತ, ರಾಣಿಯ ಚಿತ್ರಕ್ಕೆ ಕೊಡುವಷ್ಟೇ ಗಮನ ಕೊಟ್ಟು ಬರೆದ. ಎರಡನೇ ಮಹಾಯುದ್ಧದಲ್ಲಿ ಕಳವಾಗಿದ್ದ ಆ ಚಿತ್ರ 2011ರಲ್ಲಿ ವಾರ್ಸಾಕ್ಕೆ ಮರಳಿತು. ಅಂಥದೊಂದು ಕುಂಚ ಈ ಬೀದಿಗೂ ಬರಬೇಕಿತ್ತು ಎಂದು ನನಗೆ ಸಂಕಟವಾಗುತ್ತದೆ. ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ ಸೇರಿತು, ಈಗ ಚಾಮರಾಜನಗರದ್ದು. ಸರ್ಕಾರದ ಕಡತಗಳಲ್ಲಿ ಊರಿನ ವಿಳಾಸ ಬದಲಾಗುತ್ತ ಬಂದಿದೆ, ಈ ಬೆರಳುಗಳ ಕೆಲಸ ಬದಲಾಗಿಲ್ಲ.

ಇನ್ನು ಐದಾರು ದಿನಕ್ಕೆ ಗೂಡು ಬಿಡಿಸಿ ಚೀಲ ತುಂಬುತ್ತಾರೆ. ಹನೂರಿನ ಕಡೆಯಿಂದ ಬಂದ ಚೀಲಗಳ ಪಕ್ಕ ಇವೂ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕೂರುತ್ತವೆ.

ಹತ್ತಿರದಿಂದ ನೋಡಲು ಬಾಗಿದೆ. ಅಜ್ಜಿ ತಲೆಯೆತ್ತಲಿಲ್ಲ. "ಅಡ್ಡ ನಿಂತ್ಕಬೇಡ ಕಣಪ್ಪ, ನೂಲ್ ಬುಡ್ತಾವ. ಗಾಳಿ ಆಡ್ಲಿ."

ಪಕ್ಕಕ್ಕೆ ಸರಿದೆ. ಸುರುಳಿಯಿಂದ ಜಾರಿ ಮಣ್ಣಿಗೆ ಬಿದ್ದಿದ್ದ ಹುಳುವೊಂದನ್ನು ಎತ್ತಿ, ಮೆಲ್ಲಗೆ ಊದಿ ಧೂಳು ಕಳೆದು, ಅವಳು ಮತ್ತೆ ಸಂದಿಗೆ ಬಿಟ್ಟಳು.