ನಿಮಗಿದು ಗೊತ್ತೆ? ಕೋಳಿ ಕಾಲಿಗೆ ಬಿಸಿಲು, ಮೊಟ್ಟೆಗೆ ವಿಟಮಿನ್ ಡಿ

ಕೋಳಿ ತನ್ನ ಕಾಲಿನಿಂದ ವಿಟಮಿನ್ ಡಿ ತಯಾರಿಸುತ್ತದೆ! ಮೈಯೆಲ್ಲ ಪುಕ್ಕ ಮುಚ್ಚಿರುವುದರಿಂದ, ಬಿಸಿಲು ತಾಗಿದಾಗ ಈ ಕೆಲಸ ನಡೆಯುವುದು ಹೆಚ್ಚಾಗಿ ಬೋಳು ಕಾಲಿನ ಚರ್ಮದಲ್ಲಿ. ಅಲ್ಲಿಂದ ವಿಟಮಿನ್ ಮೊಟ್ಟೆಯ ಹಳದಿ ಸೇರುತ್ತದೆ. ಬಿಳಿಯಲ್ಲಿ ಹುಡುಕಿದರೂ ಸಿಗದು. ಹಾಗಾಗಿ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬಿಸಿಲಲ್ಲಿ ತಿಪ್ಪೆ ಕೆದರುವ ಜವಾರಿ ಕೋಳಿಗೆ ಈ ಲಾಭ ಪುಕ್ಕಟೆ. ಪಂಜರದ ಕೋಳಿಗೆ ಮೇವಿನಲ್ಲೇ ಬೆರೆಸಿ ಕೊಡಬೇಕು.

ಆದರೆ ಒಂದು ಮೊಟ್ಟೆಯಲ್ಲಿರುವುದು ಸುಮಾರು 40 ಯೂನಿಟ್. ನಮಗೆ ದಿನಕ್ಕೆ ಬೇಕಾದದ್ದು 600. ಉಳಿದದ್ದಕ್ಕೆ ಮುಖ್ಯವಾಗಿ ಬಿಸಿಲೇ ಗತಿ. ಗಂಗಾವತಿಯಲ್ಲಿ ಅದಕ್ಕೇನು ಬರವೆ?

2021ರ ಡಿಸೆಂಬರ್‌ನಲ್ಲಿ ಶಾಲಾ ಬಿಸಿಯೂಟಕ್ಕೆ ಪ್ರಾಯೋಗಿಕವಾಗಿ ಮೊಟ್ಟೆ ಸೇರಿದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಬಿಳಿ ತಿಂದು ಹಳದಿ ಬಿಡುವ ಮಕ್ಕಳಿದ್ದರೆ, ವಿಟಮಿನ್ ಡಿ ಇರುವ ಹಳದಿಯನ್ನೂ ತಿನ್ನಿಸಿ.