ಹಿಡಿ, ಸಾಕು, ಬದಲಾಯಿಸಿಕೊ: ಪೋಕೆಮಾನ್ ಆಟ ಬೆಳೆದ ಬಗೆ

ಪೋಕೆಮಾನ್ ಅಂಗೈಯಗಲದ ಯಂತ್ರದಲ್ಲಿ ಆಡಲೆಂದೇ ಹುಟ್ಟಿದ ವಿಡಿಯೊ ಗೇಮ್. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಕ್ಕೆ ಇದರ ಮೊದಲ ಎರಡು ಆವೃತ್ತಿಗಳಾದ ‘ರೆಡ್’ ಮತ್ತು ‘ಗ್ರೀನ್’ ಒಟ್ಟಿಗೆ ಬಂದವು. ಆಟಗಾರ ಒಬ್ಬ ಹುಡುಗನ ಪಾತ್ರದಲ್ಲಿ ಊರೂರು ಅಲೆಯುತ್ತಾನೆ. ಹುಲ್ಲು, ಗುಹೆ, ನೀರಿನಲ್ಲಿ ಎದುರಾಗುವ ವಿಚಿತ್ರ ಪ್ರಾಣಿಗಳನ್ನು ಕಾದಾಡಿ ಬಳಲಿಸಿ, ಚೆಂಡು ಎಸೆದು ಹಿಡಿಯುತ್ತಾನೆ. ಸಾಕಿ ಪಳಗಿಸಿ ಕಣಕ್ಕಿಳಿಸುತ್ತಾನೆ. ಕಾದಾಟದ ಲೆಕ್ಕ ಸರಳ: ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಹಸಿರನ್ನು, ಹಸಿರು ನೀರನ್ನು. ಇಂಥ 15 ಬಗೆಗಳು ಮೊದಲ ಆಟದಲ್ಲಿದ್ದವು, ಈಗ 18 ಇವೆ.

ಆಟವನ್ನು ಕಲ್ಪಿಸಿದವರು 1965ರಲ್ಲಿ ಹುಟ್ಟಿದ ಸತೋಶಿ ತಜಿರಿ. ಟೋಕಿಯೊದ ಅಂಚಿನ ಮಾಚಿದಾದಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಹುಳು ಹಿಡಿಯುವ ಹುಚ್ಚು. ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು, ಸೊಪ್ಪು ಹಾಕಿ ಸಾಕಿದ ನಮ್ಮ ಹಳ್ಳಿಗಾಡಿನ ಮಕ್ಕಳಿಗೆ ಆ ಹುಚ್ಚಿನ ಸೊಗಸು ಚೆನ್ನಾಗಿ ಗೊತ್ತು. ಮಾಚಿದಾದ ಹೊಲ, ಕೆರೆಗಳ ಜಾಗದಲ್ಲಿ ಕಟ್ಟಡಗಳೆದ್ದು ಹುಳುಗಳು ಮರೆಯಾದವು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ತಂತಿಯನ್ನು ಕಂಡಾಗ, ಅದರ ಮೇಲೆ ಹುಳುವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ಹರಿದು ಹೋಗುವಂತೆ ತಜಿರಿಯವರಿಗೆ ತೋಚಿತಂತೆ. ಅವರ ‘ಗೇಮ್ ಫ್ರೀಕ್’ ಸಂಸ್ಥೆ ಆ ಕಲ್ಪನೆಯನ್ನು ಆಟವಾಗಿಸಲು ಸುಮಾರು ಆರು ವರ್ಷ ದುಡಿಯಿತು.

ಆ ತಂತಿಯೇ ಆಟದ ಜೀವಾಳ. ‘ರೆಡ್’ನಲ್ಲಿ ಸಿಗುವ ಕೆಲವು ಪ್ರಾಣಿಗಳು ‘ಗ್ರೀನ್’ನಲ್ಲಿ ಸಿಗುವುದಿಲ್ಲ, ಅಲ್ಲಿನವು ಇಲ್ಲಿಲ್ಲ. ‘ಹಾಂಟರ್’ ಎಂಬ ಪ್ರಾಣಿ ‘ಗೆಂಗರ್’ ಆಗಿ ರೂಪಾಂತರ ಹೊಂದಬೇಕಾದರೆ ಅದನ್ನು ಇನ್ನೊಬ್ಬರಿಗೆ ಕೊಡಲೇಬೇಕು. ಎಷ್ಟೇ ಜಾಣನಾದರೂ ಒಬ್ಬನೇ ಕೂತು ಆಡುವವನ ಸಂಗ್ರಹ ಪೂರ್ತಿಯಾಗದು. ಇದಕ್ಕಿಂತ ಚೆಂದದ ಉಪಾಯ ವಿಡಿಯೊ ಗೇಮ್‌ಗಳಲ್ಲಿ ಸಿಗುವುದು ಅಪರೂಪ.

1999ರ ನವೆಂಬರ್‌ನಲ್ಲಿ ಬಂದ ‘ಗೋಲ್ಡ್’ ಮತ್ತು ‘ಸಿಲ್ವರ್’ ಇಡೀ ಸರಣಿಯಲ್ಲೇ ಹೆಚ್ಚು ಹೊಸತನ ತುಂಬಿದ ಆಟಗಳು. 100 ಹೊಸ ಪ್ರಾಣಿಗಳು ಸೇರಿ ಒಟ್ಟು 251 ಆದವು. ಆಟದೊಳಗೆ ನಿಜವಾದ ಗಡಿಯಾರ ಬಂತು: ಹೊರಗೆ ಕತ್ತಲಾದರೆ ಪರದೆಯಲ್ಲೂ ಕತ್ತಲು, ರಾತ್ರಿ ಓಡಾಡುವ ಪ್ರಾಣಿಗಳು ಆಗಷ್ಟೇ ಪ್ರತ್ಯಕ್ಷ. ಗಂಡು ಹೆಣ್ಣೆಂಬ ಭೇದ ಬಂತು, ಮೊಟ್ಟೆ ಬಂತು, ಮರಿ ತಂದೆಯಿಂದ ಪಟ್ಟು ಕಲಿಯುವ ವ್ಯವಸ್ಥೆ ಬಂತು. ಸಾವಿರಾರು ಭೇಟಿಗಳಲ್ಲಿ ಒಮ್ಮೆ ಮಾತ್ರ ಕಾಣುವ, ಬೇರೆ ಬಣ್ಣದ ‘ಶೈನಿ’ಗಳೂ ಇಲ್ಲೇ ಹುಟ್ಟಿದವು. ಆಟವಿರುವ ಕಾರ್ಟ್ರಿಜ್‌ನೊಳಗಿನ ಬಿಲ್ಲೆಯಂಥ ಬ್ಯಾಟರಿಯೇ ಗಡಿಯಾರವನ್ನೂ ನಡೆಸಬೇಕು, ಆಟಗಾರನ ಸಂಗ್ರಹವನ್ನೂ ಕಾಯಬೇಕು. ಬ್ಯಾಟರಿ ಸತ್ತರೆ ವರ್ಷಗಟ್ಟಲೆ ಸಾಕಿದ ಪ್ರಾಣಿಗಳೆಲ್ಲ ಅಳಿಸಿಹೋಗುತ್ತಿದ್ದವು.

ಮುಂದಿನ ಬದಲಾವಣೆಗಳು ಹಂತಹಂತವಾಗಿ ಬಂದವು. 2002ರಲ್ಲಿ ಪ್ರತಿ ಪ್ರಾಣಿಗೂ ಸ್ವಭಾವ ಮತ್ತು ವಿಶೇಷ ಸಾಮರ್ಥ್ಯ, 2006ರಲ್ಲಿ ಇಂಟರ್‌ನೆಟ್ ಮೂಲಕ ವಿನಿಮಯ, 2013ರಲ್ಲಿ ಮೂರು ಆಯಾಮದ ಚಿತ್ರ. 2022ರ ನವೆಂಬರ್‌ನ ‘ಸ್ಕಾರ್ಲೆಟ್’ ಮತ್ತು ‘ವೈಲೆಟ್’ ಆಟಗಾರನಿಗೆ ಇಡೀ ನಾಡನ್ನು ಬೇಕಾದ ದಿಕ್ಕಿನಿಂದ ಸುತ್ತಲು ಬಿಟ್ಟವು. 2025ರ ಅಕ್ಟೋಬರ್‌ನ ‘ಲೆಜೆಂಡ್ಸ್ ಝಡ್-ಎ’ಯಲ್ಲಿ ಸರದಿ ಕಾಯುವ ಹಳೆಯ ಕಾದಾಟ ಹೋಗಿ, ಓಡಾಡುತ್ತಲೇ ಹೊಡೆದಾಡುವ ಕ್ರಮ ಬಂತು.

ನಿಂಟೆಂಡೊ ಯಂತ್ರ ಕರ್ನಾಟಕದ ಮನೆಮನೆಯ ವಸ್ತುವಾಗಲಿಲ್ಲ. ಇಲ್ಲಿನ ಮಕ್ಕಳಿಗೆ 2003ರಿಂದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹಿಂದಿಗೆ ಡಬ್ ಆಗಿ ಬಂದ ಕಾರ್ಟೂನೇ ಪೋಕೆಮಾನ್. ಆಟ ಕೈಗೆ ಬಂದದ್ದು ಮೊಬೈಲಿನಿಂದ. 2016ರ ಜುಲೈನಲ್ಲಿ ನಯಾಂಟಿಕ್ ಸಂಸ್ಥೆ ‘ಪೋಕೆಮಾನ್ ಗೋ’ವನ್ನು ಕೆಲವು ದೇಶಗಳಲ್ಲಿ ಬಿಡುಗಡೆ ಮಾಡಿದಾಗ, ಭಾರತಕ್ಕೆ ಅಧಿಕೃತವಾಗಿ ಬರುವ ಮುನ್ನವೇ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಆಟಗಾರರು ಗುಂಪುಗೂಡಿದ್ದರು. ಆ ಡಿಸೆಂಬರ್‌ನಲ್ಲಿ ರಿಲಯನ್ಸ್ ಜಿಯೊ ಜೊತೆಗೂಡಿ ಅದು ಅಧಿಕೃತವಾಗಿ ಬಂತು. ಜಿಪಿಎಸ್ ಆಧರಿಸಿದ ಈ ಆಟದಲ್ಲಿ ನಿಜವಾದ ಬೀದಿಗಳಲ್ಲಿ ನಡೆಯುತ್ತ ಪ್ರಾಣಿಗಳನ್ನು ಹಿಡಿಯಬೇಕು. ಆದರೆ ಮೂಲ ಆಟದ ಜೀವಾಳವಾದ ವಿನಿಮಯವೇ ಇದರಲ್ಲಿ ಇರಲಿಲ್ಲ. ದೊಡ್ಡ ಕೊರತೆಯಾಗಿದ್ದ ಅದು 2018ರಲ್ಲಿ ನೀಗಿತು. 2023ರಲ್ಲಿ ಆಟದ ಭಾಷೆಗಳ ಸಾಲಿಗೆ ಹಿಂದಿ ಸೇರಿತು. ಕನ್ನಡವೂ ಸೇರಬೇಕು, ಇಂಗ್ಲಿಷ್ ತಡವರಿಸಿ ಓದುವ ಮಗು ಆಟದ ಅರ್ಧ ಸುಖ ಕಳೆದುಕೊಳ್ಳುತ್ತದೆ.

ಕೋಲಾರದ ಕ್ಯಾಲನೂರಿನಂಥ ಊರುಗಳಿಗೆ ಈ ಆಟದಲ್ಲಿ ಇನ್ನೊಂದು ತೊಡಕಿದೆ. ಚೆಂಡು ತುಂಬಿಕೊಳ್ಳುವ ‘ಪೋಕೆಸ್ಟಾಪ್’ಗಳನ್ನು ನಯಾಂಟಿಕ್ ತನ್ನ ಹಿಂದಿನ ‘ಇಂಗ್ರೆಸ್’ ಆಟದವರು ಗುರುತಿಸಿದ್ದ ಗುಡಿ, ಪ್ರತಿಮೆ, ಸ್ಮಾರಕಗಳಿಂದ ಆಯ್ದುಕೊಂಡಿತ್ತು. ಅವರು ಹೆಚ್ಚಾಗಿ ಪಟ್ಟಣದವರು. ಆದ್ದರಿಂದ ಪಟ್ಟಣದಲ್ಲಿ ಹೆಜ್ಜೆಗೊಂದು ತಾಣ ಸಿಕ್ಕರೆ ಹಳ್ಳಿಯಲ್ಲಿ ಮೈಲಿಗಟ್ಟಲೆ ಖಾಲಿ. ಪ್ರಾಣಿಗಳೂ ಜನದಟ್ಟಣೆ ಇರುವಲ್ಲೇ ಹೆಚ್ಚು. 2019ರಲ್ಲಿ ಆರಂಭವಾದ ಹೊಸ ಸೌಲಭ್ಯ ಇದಕ್ಕೆ ಸ್ವಲ್ಪ ಪರಿಹಾರ ಕೊಟ್ಟಿತು: ಮೇಲಿನ ಮಟ್ಟ ತಲುಪಿದ ಆಟಗಾರ ತನ್ನ ಊರಿನ ಹಳೆಯ ಗುಡಿಯನ್ನೋ ವೀರಗಲ್ಲನ್ನೋ ಮಕ್ಕಳು ಆಡುವ ಮೈದಾನವನ್ನೋ ಫೋಟೊ, ವಿವರಣೆಯೊಂದಿಗೆ ಸೂಚಿಸಬಹುದು. ಇತರ ಆಟಗಾರರು ಪರಿಶೀಲಿಸುತ್ತಾರೆ. ಒಪ್ಪಿಗೆಯಾದರೆ ನಕ್ಷೆಯಲ್ಲಿ ಹೊಸ ತಾಣ ಮೂಡುತ್ತದೆ. ಖಾಸಗಿ ಮನೆಗಳಿಗೂ ಶಾಲೆಗಳ ಆವರಣಕ್ಕೂ ಅವಕಾಶವಿಲ್ಲ.